ಪಿಆರ್ ಬಂದರೆ ಸಿಒಸಿ ಬಂದ ಹಾಗಲ್ಲ

ಸಿಒಸಿ ಅಂದರೆ ಹಡಗಿನ ಅಧಿಕಾರಿಯ ಅರ್ಹತಾ ಪತ್ರ, ಸಿಡಿಸಿ ಅಂದರೆ ಹಡಗಿನ ಕೆಲಸ ದಾಖಲಾಗುವ ಪುಸ್ತಕ, ಪಿಆರ್ ಅಂದರೆ ಬೇರೆ ದೇಶದಲ್ಲಿ ಕಾಯಂ ನೆಲೆಸುವ ಪರವಾನಗಿ. ಹಡಗು ಹತ್ತಿದವರಿಗೆ ಅದು ಗೊತ್ತು. ಗೊತ್ತಿಲ್ಲದ ಸಂಗತಿಗೇ ಹೋಗೋಣ.

ಬ್ರಿಟನ್ನಿನ ಸಿಇಸಿ ಸಿಕ್ಕಿದರೆ ಅಲ್ಲೇ ನೆಲೆಸಬಹುದಾ? (ಪುಣೆ)

ಇಲ್ಲ. ಅದು ಬೇರೆ ದೇಶದ ಸಿಒಸಿಯನ್ನು ಬ್ರಿಟನ್ ಒಪ್ಪಿಕೊಂಡಿದೆ ಅನ್ನುವ ಹಡಗಿನ ಕಾಗದ, ವೀಸಾ ಅಲ್ಲ.

ನಾನು ಚೀಫ್ ಮೇಟ್ (ಕ್ಯಾಪ್ಟನ್ ನಂತರದ ಅಧಿಕಾರಿ), ಹೆಂಡತಿ ನರ್ಸ್. ಇಬ್ಬರಿಗೂ ಕೆನಡಾ ಪಿಆರ್ ಬಂದಿದೆ. ಎರಡು ಲಕ್ಷ ಕೊಟ್ಟರೆ ಸಿಒಸಿಯನ್ನು ಅಲ್ಲಿಗೆ ಟ್ರಾನ್ಸ್‌ಫರ್ ಮಾಡಿಸಿಕೊಡ್ತೇನೆ ಅಂತಾರೆ ಒಬ್ಬ ಏಜೆಂಟ್. ಕೊಡಲಾ ಸರ್? (ವಾಶಿ)

ಬೇಡ. ಟ್ರಾನ್ಸ್‌ಫರ್ ಮಾಡಿಸಲು ಅದೇನು ಗ್ಯಾಸ್ ಕನೆಕ್ಷನ್ನಾ? ಈ ಪ್ರಶ್ನೆ ತಿಂಗಳಿಗೊಮ್ಮೆ ಬರುತ್ತದೆ, ಏಜೆಂಟ್ ಮಾತ್ರ ಬೇರೆ ಬೇರೆ.

ಇರುವುದು ಎರಡು ದಾರಿ. ಒಂದು, ಎಂಡಾರ್ಸ್‌ಮೆಂಟ್. ಎಸ್‌ಟಿಸಿಡಬ್ಲ್ಯೂ (ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮದಂತೆ, ಎರಡು ದೇಶಗಳ ನಡುವೆ ಒಪ್ಪಂದ ಇದ್ದರೆ ಹಡಗಿನ ಧ್ವಜದ ದೇಶ ನಿಮ್ಮ ಭಾರತದ ಸಿಒಸಿಯನ್ನು ಒಪ್ಪಿಕೊಳ್ಳುತ್ತದೆ. ನಿಮ್ಮದು ಮ್ಯಾನೇಜ್‌ಮೆಂಟ್ ಲೆವೆಲ್, ಅಂದರೆ ಹಿರಿಯ ಅಧಿಕಾರಿಯ ಹುದ್ದೆ, ಹಾಗಾಗಿ ಆ ದೇಶದ ಹಡಗು ಕಾನೂನೂ ತಿಳಿದಿರಬೇಕು. ನೀವು ಮನೆ ಮಾಡಿರುವುದು ಎಲ್ಲಿ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಇನ್ನೊಂದು, ಆ ದೇಶದ್ದೇ ಸಿಒಸಿ. ಕೆನಡಾ ಅದನ್ನು ತನ್ನ ನಾಗರಿಕರಿಗೆ ಮತ್ತು ಪಿಆರ್ ಇದ್ದವರಿಗೆ ಮಾತ್ರ ಕೊಡುತ್ತದೆ. ಅಂದರೆ ಪಿಆರ್‌ನಿಂದ ನಿಮಗೆ ಸಿಕ್ಕಿದ್ದು ಅಲ್ಲಿನ ಸಾರಿಗೆ ಇಲಾಖೆಯಾದ ಟ್ರಾನ್ಸ್‌ಪೋರ್ಟ್ ಕೆನಡಾಕ್ಕೆ ಅರ್ಜಿ ಹಾಕುವ ಅರ್ಹತೆ, ಅಷ್ಟೇ. ಸೀ ಟೈಮ್ (ಹಡಗಿನಲ್ಲಿ ಕೆಲಸ ಮಾಡಿದ ಅವಧಿ), ಕೋರ್ಸು, ಮೆಡಿಕಲ್ ನೋಡಿ ಮುಂದೇನು ಅಂತ ಅವರೇ ಹೇಳುತ್ತಾರೆ. ಓರಲ್ ಪರೀಕ್ಷೆಗೆ ಕೂರಿಸಿದರೆ ನಿಮ್ಮ ಬದಲು ಏಜೆಂಟ್ ಹೋಗಿ ಕೂರುತ್ತಾನಾ?

ಆ ಎರಡು ಲಕ್ಷದ ಚಿಂತೆ ಬಿಟ್ಟು ಈ ವಾರ ಕಾಗದ ಹೊಂದಿಸಿ. ಮೊನ್ನೆ ಒಬ್ಬ ಹುಡುಗ ಮಾಟುಂಗದ ನಮ್ಮ ಮನೆಗೆ ಸಿಡಿಸಿ ತಂದಿದ್ದ. ಒಂದು ಹಡಗಿನಿಂದ ಇಳಿದ (ಸೈನ್ ಆಫ್) ತಾರೀಖಿನ ಮೇಲೆ ಮೊಹರಿನ ಶಾಯಿ ಹರಡಿತ್ತು. ತಿಂಗಳು 3ರೋ 8ರೋ, ಭೂತಗನ್ನಡಿ ಹಿಡಿದರೂ ತಿಳಿಯಲಿಲ್ಲ. ಕಂಪನಿಯನ್ನು ಕೇಳೋಣ ಅಂದರೆ ಅದು ಬಾಗಿಲು ಹಾಕಿ ಎರಡು ವರ್ಷ ಆಗಿದೆಯಂತೆ. ಐದು ತಿಂಗಳ ಸೀ ಟೈಮ್ ಒಂದು ಮಸಿ ಕಲೆಯೊಳಗೆ ಹೋಯ್ತು ನೋಡಿ. ಅದಕ್ಕೇ, ಕೆಲಸ ಮಾಡಿದ ಪ್ರತಿ ಕಂಪನಿಯಿಂದ ಈಗಲೇ ಪತ್ರ ತೆಗೆದುಕೊಳ್ಳಿ. ಹಡಗಿನ ಹೆಸರು, ಐಎಂಒ ನಂಬರ್ (ಹಡಗಿನ ಗುರುತಿನ ಸಂಖ್ಯೆ), ಗ್ರಾಸ್ ಟನ್ನೇಜ್ (ಹಡಗಿನ ಗಾತ್ರ), ನಿಮ್ಮ ರ‍್ಯಾಂಕ್, ತಾರೀಖು, ವಾಚ್ (ಪಾಳಿ ಕಾವಲು) ಮಾಡಿದ್ದು ಎಲ್ಲ ಅದರಲ್ಲಿರಲಿ.

ಭಾರತದ ಸಿಒಸಿಯನ್ನಂತೂ ಸಾಯಲು ಬಿಡಬೇಡಿ. ಅಲ್ಲಿಗೆ ಇಳಿದ ಮೇಲೆ ಮನೆ, ಮಗುವಿನ ಸ್ಕೂಲು ಅಂತ ಗೋದಾಮಿನಲ್ಲಿ ಯಾವುದೋ ಕೆಲಸ ಹಿಡಿದು ಮೂರು ವರ್ಷ ಕಳೆದವರನ್ನು ಕಂಡಿದ್ದೇನೆ. 5 ವರ್ಷದಲ್ಲಿ 12 ತಿಂಗಳು ಸಮುದ್ರದಲ್ಲಿ ಇಲ್ಲದಿದ್ದರೆ ಸಿಒಸಿ ನವೀಕರಣಕ್ಕೆ, ಅಂದರೆ ರೀವ್ಯಾಲಿಡೇಶನ್‌ಗೆ ಒದ್ದಾಡಬೇಕಾಗುತ್ತದೆ. ಮೂಲ ಸಿಒಸಿಯ ಅವಧಿ ಮುಗಿದರೆ ಎಂಡಾರ್ಸ್‌ಮೆಂಟೂ ಅವತ್ತೇ ಮುಗಿಯಿತು. ನನ್ನನ್ನು ಕೇಳಿದರೆ ಹೆಂಡತಿ ಮೊದಲು ಹೋಗಲಿ. ನೀವು ಇನ್ನೊಂದು ಕಾಂಟ್ರ್ಯಾಕ್ಟ್ ಮುಗಿಸಿ, ರೀವ್ಯಾಲಿಡೇಟ್ ಮಾಡಿಸಿಕೊಂಡು ಹೋಗಿ. ಹೆಂಡತಿ ಬೈದುಕೊಳ್ಳಬಹುದು, ಬೈದುಕೊಳ್ಳಲಿ.

ಅಮೆರಿಕದ ಗ್ರೀನ್ ಕಾರ್ಡ್ ಇದ್ದರೆ ಅಲ್ಲಿನ ಹಡಗಿನಲ್ಲಿ ಆಫೀಸರ್ ಆಗಬಹುದಾ? (ವಾಸ್ಕೊ)

ಆಗಲ್ಲ. ಆಫೀಸರ್ ಆಗಲು ಅಲ್ಲಿ ಪೌರತ್ವ ಬೇಕು. ಗ್ರೀನ್ ಕಾರ್ಡಿಗೆ ರೇಟಿಂಗ್ (ಆಫೀಸರ್ ಅಲ್ಲದ ಸಿಬ್ಬಂದಿ) ಕೆಲಸ ಸಿಗಬಹುದು.

ಬಣ್ಣಗುರುಡಿಗೆ ಹನಿ ಕೊಡುವ ವೈದ್ಯರಿದ್ದಾರಂತೆ. ಮೆಡಿಕಲ್ ಪಾಸಾಗುತ್ತಾ? (ಡೊಂಬಿವಲಿ)

ಹುಟ್ಟಿನಿಂದ ಬಂದ ಬಣ್ಣಗುರುಡು ಯಾವ ಹನಿಗೂ ಹೋಗಲ್ಲ. ರಾತ್ರಿ ವಾಚ್‌ನಲ್ಲಿ ಎದುರಿನ ಹಡಗಿನ ಕೆಂಪು ದೀಪ ಯಾವುದು, ಹಸಿರು ಯಾವುದು ಅಂತ ತಿಳಿಯದವರ ಹತ್ತಿರ ನಾನಂತೂ ಬ್ರಿಡ್ಜ್ (ಹಡಗು ನಡೆಸುವ ಕೋಣೆ) ಬಿಟ್ಟು ಮಲಗಲಾರೆ.