‘ವೋಟ್ ಬ್ಯಾಂಕ್’ ಅನ್ನೋ ಪದ ಎಲ್ಲಿಂದ ಬಂತು?

ಇದರ ಬೇರು ಇರೋದು ನಮ್ಮ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಅಲ್ಲಿ ತಿಂಗಳುಗಟ್ಟಲೆ ಇದ್ದರು. ಬರಹದಲ್ಲಿ ಊರಿನ ಹೆಸರು ಬದಲಿಸಿ ‘ರಾಂಪುರ’ ಎಂದರು. 1955ರ ಲೇಖನದಲ್ಲಿ ಈ ಪದ ಬಳಸಿದರು.

ಊರಿನ ದೊಡ್ಡ ಹಿಡುವಳಿದಾರನ ಕೈಕೆಳಗೆ ಗೇಣಿದಾರರು, ಆಳುಗಳು, ಸಾಲಗಾರರು. ಯಜಮಾನ ಹೇಳಿದ ಕಡೆ ಇವರ ಓಟು. ರಾಜಕಾರಣಿ ಮನೆಮನೆ ಅಲೆಯೋದು ಬೇಡ, ಯಜಮಾನನನ್ನು ಹಿಡಿದರೆ ಸಾಕು. ಅವನೇ ಬ್ಯಾಂಕು! ಈಗ ಇಡೀ ಜಾತಿಗೋ ಧರ್ಮಕ್ಕೋ ಸುಮ್ನೆ ಅಂಟಿಸ್ತೇವೆ ಅಲ್ವಾ, ಅದು ಆಮೇಲೆ ಬಂದ ಅರ್ಥ.

ಅಂದಹಾಗೆ, 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಸಿಕ್ಕವು. ರಾಂಪುರದ ಪುಸ್ತಕವನ್ನು ಹೆಚ್ಚಾಗಿ ನೆನಪಿನಿಂದಲೇ ಬರೆದರು. ಅದು 1976ರಲ್ಲಿ ಅಚ್ಚಾಯಿತು.