ಲ್ಯಾಸೊ ಅಲ್ಗಾರಿದಮ್ ಮೊದಲು ತೆವಳಿ, ಆಮೇಲೆ ಓಡುವುದೇಕೆ?

ಲ್ಯಾಸೊ ಎಂದರೆ ಹಲವು ಅಂಶಗಳಿಂದ ಒಂದು ಸಂಖ್ಯೆಯನ್ನು ಅಂದಾಜಿಸುವಾಗ, ಬೇಡದ ಅಂಶಗಳ ತೂಕವನ್ನು (ಲೆಕ್ಕದಲ್ಲಿ ಅವುಗಳಿಗೆ ಸಿಗುವ ಪ್ರಾಮುಖ್ಯವನ್ನು) ಸೊನ್ನೆ ಮಾಡುವ ವಿಧಾನ. ಅದನ್ನು ಓಡಿಸಿದರೆ ಉತ್ತರಕ್ಕಿರುವ ದೂರ ಮೊದಲು ನಿಧಾನವಾಗಿ, ಆಮೇಲೆ ಸರಸರನೆ ಇಳಿಯುವುದುಂಟು. ಯಾವ ಅಂಶಗಳ ತೂಕ ಸೊನ್ನೆ ಎಂಬುದು ಇತ್ಯರ್ಥವಾದ ಮೇಲೆ ಲೆಕ್ಕವೇ ಚಿಕ್ಕದಾಗುತ್ತದೆ, ಅದಕ್ಕೇ ವೇಗ.

ಕೋಲಾರ ಎಪಿಎಂಸಿಯ ಟೊಮೆಟೊ ದರ ಅಂದಾಜಿಸಲು ಮಳೆ, ಆವಕ, ಡೀಸೆಲ್ ದರ ಅಂತ ಹತ್ತಾರು ಅಂಶ ಕೊಟ್ಟಿದ್ದೀರಿ ಎನ್ನಿ. ಲ್ಯಾಸೊದ ಉತ್ತರ ಹುಡುಕುವ ಸ್ಪ್ಲಿಟಿಂಗ್ ವಿಧಾನ ಪ್ರತಿ ಸುತ್ತನ್ನೂ ಎರಡು ತುಂಡು ಮಾಡುತ್ತದೆ: ಮೊದಲು ದೋಷ ಇಳಿಯುವ ದಿಕ್ಕಿಗೆ ಒಂದು ಹೆಜ್ಜೆ, ಆಮೇಲೆ ಕತ್ತರಿ, ಅಂದರೆ ಪ್ರತಿ ತೂಕವನ್ನೂ ಒಂದು ಮಿತಿಯಷ್ಟು ಸೊನ್ನೆಯತ್ತ ಕುಗ್ಗಿಸುವುದು. ಕತ್ತರಿಯ ಮಿತಿ 0.1 ಆದರೆ 0.45 ಇದ್ದ ತೂಕ 0.35 ಆಗುತ್ತದೆ, 0.07 ಇದ್ದದ್ದು ನೇರ ಸೊನ್ನೆ. ಹೀಗೆ, ಉತ್ತರ ಪೂರ್ತಿ ಸಿಗುವ ಮೊದಲೇ, ಸೀಮಿತ ಸುತ್ತುಗಳಲ್ಲಿ ಸೊನ್ನೆಗಳ ಪಟ್ಟಿ ಖಾಯಂ ಆಗಿಬಿಡುತ್ತದೆ. ಉಳಿದ ನಾಲ್ಕಾರು ಅಂಶಗಳ ಮಟ್ಟಿಗೆ ದೋಷದ ಮೇಲ್ಮೈ ಎಲ್ಲ ದಿಕ್ಕಿನಲ್ಲೂ ಸರಿಯಾಗಿ ಬಾಗಿದ ಬಟ್ಟಲು. ಅಲ್ಲಿ ಉತ್ತರಕ್ಕೆ ಉಳಿದ ದೂರ ಸುತ್ತಿಗೆ ಇಂತಿಷ್ಟು ಪಾಲು ಎಂಬಂತೆ ಕುಗ್ಗುತ್ತದೆ. ಲಾಗ್ ಗ್ರಾಫಿನಲ್ಲಿ (ಸಮಾನ ಅಂತರಕ್ಕೆ ಸಮಾನ ಪಟ್ಟು ಬದಲಾಗುವ ಗ್ರಾಫ್) ಅದು ನೇರ ಗೆರೆಯಾಗಿ ಕಾಣುತ್ತದೆ.

ಇದು ಯಾವಾಗಲೂ ಗ್ಯಾರಂಟಿಯಲ್ಲ. ಯಾವುದೋ ಅಂಶ ಕತ್ತರಿಯ ಅಂಚಿನಲ್ಲೇ ನಿಂತಿದ್ದರೆ ಪಟ್ಟಿ ಖಾಯಂ ಆಗದೆ ಹೊಯ್ದಾಡಬಹುದು. ಆವಕ, ಲಾರಿಗಳ ಸಂಖ್ಯೆ ಎರಡೂ ಹೆಚ್ಚುಕಡಿಮೆ ಒಂದೇ ಕಥೆ ಹೇಳಿ, ಎರಡೂ ಪಟ್ಟಿಯಲ್ಲಿ ಉಳಿದರೆ ಬಟ್ಟಲು ಒಂದು ದಿಕ್ಕಿಗೆ ಚಪ್ಪಟೆಯಾಗಿ ಮತ್ತೆ ತೆವಳಾಟ. ನಾನಾದರೆ ಮೊದಲು ಅವೆರಡರಲ್ಲಿ ಒಂದನ್ನು ತೆಗೆದು ನೋಡುತ್ತೇನೆ.