ಕ್ಯಾಲೆಂಡರ್ ದಿನಕ್ಕೊಂದು ತರ ಬದಲಾದರೆ ಚುರುಕು ಮಕ್ಕಳ ತರಗತಿ ನಡೆಸುವುದು ಹೇಗೆ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಎಂಟು, ಒಂಬತ್ತನೇ ತರಗತಿಯ ಪ್ರತಿಭಾವಂತ ಮಕ್ಕಳ ಜವಾಬ್ದಾರಿ ಈ ವರ್ಷ ನನಗೆ ಬಂದಿದೆ. ಎನ್‌ಎಂಎಂಎಸ್ (ಎಂಟನೇ ತರಗತಿಯವರ ವಿದ್ಯಾರ್ಥಿವೇತನ ಪರೀಕ್ಷೆ) ತಯಾರಿ, ಇನ್‌ಸ್ಪೈರ್ ಅವಾರ್ಡ್ (ಮಕ್ಕಳ ಹೊಸ ವಿಜ್ಞಾನ ಐಡಿಯಾಗಳಿಗೆ ಕೊಡುವ ಪ್ರಶಸ್ತಿ), ಚುರುಕು ಮಕ್ಕಳ ಸ್ಪೆಷಲ್ ಕ್ಲಾಸ್, ಎಲ್ಲಾ ನಾನೇ ನೋಡಬೇಕು. ಜೂನ್‌ನಲ್ಲಿ ಇಡೀ ವರ್ಷದ ಪ್ಲಾನ್ ಮಾಡಿದ್ದೆ. ಜುಲೈನಲ್ಲಿ ಮಳೆ ರಜೆ, ಆಮೇಲೆ ತರಬೇತಿ, ಈಗ ಕ್ರೀಡಾಕೂಟ. ವರ್ಗಾವಣೆ ಯಾವಾಗ ಆಗುತ್ತೋ ಅದೂ ಗೊತ್ತಿಲ್ಲ. ಇದನ್ನೆಲ್ಲ ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆ?

ಉತ್ತರ: ಮೇಡಂ, ಮೊದಲು ಆ ಪ್ಲಾನ್‌ನಿಂದ ತಾರೀಖುಗಳನ್ನು ತೆಗೆದುಹಾಕಿ. ಮಲೆನಾಡಿನಲ್ಲಿ ನಾಳೆ ಶಾಲೆ ಇದೆಯೋ ಇಲ್ಲವೋ ಅನ್ನುವುದು ಇವತ್ತು ಸಂಜೆ ಜಿಲ್ಲಾಧಿಕಾರಿ ಆದೇಶ ಬಂದ ಮೇಲೆ ಗೊತ್ತಾಗುವ ವಿಷಯ. 2025ರಲ್ಲಿ ರಾಜ್ಯದ ಜಾತಿ ಸಮೀಕ್ಷೆಗೆ ಅಂತ ದಸರಾ ರಜೆ ಅಕ್ಟೋಬರ್ 18ರವರೆಗೆ ಹೋಯಿತು, ಜೂನ್‌ನಲ್ಲಿ ಕೂತು ಪ್ಲಾನ್ ಬರೆದ ಯಾವ ಶಿಕ್ಷಕರಿಗೂ ಅದು ಗೊತ್ತಿರಲಿಲ್ಲ. ಹಾಗಾಗಿ ನಿಮ್ಮ ಪ್ಲಾನ್ ತಪ್ಪಿದ್ದು ನಿಮ್ಮಿಂದಲ್ಲ. ತಾರೀಖಿನ ಬದಲು ಮಕ್ಕಳ ಹೆಸರು ಹಿಡಿದು ಕೆಲಸ ಜೋಡಿಸಿಕೊಳ್ಳಿ.

ಒಂದೇ ನೋಟ್‌ಬುಕ್ ಇರಲಿ, ಒಂದು ಮಗುವಿಗೆ ಎದುರುಬದುರು ಎರಡು ಪುಟ. ಎಡಗಡೆ ಕಾಗದಪತ್ರ, ಬಲಗಡೆ ಆ ಮಗು ಯೋಚನೆ ಮಾಡುವ ರೀತಿ.

ಬಲಗಡೆಯ ಪುಟವೇ ಮುಖ್ಯ, ಆದರೆ ಜಾಸ್ತಿ ಜನ ಖಾಲಿ ಬಿಡುವುದೂ ಅದನ್ನೇ. ಅಲ್ಲಿ ಅಂಕ ಬರೆಯಬೇಡಿ. ಒಂದು ಲೆಕ್ಕ ಹೇಳುತ್ತೇನೆ. 1ರಿಂದ 100ರವರೆಗೆ ಬರೆದರೆ 7 ಅನ್ನುವ ಅಂಕಿ ಎಷ್ಟು ಸಲ ಬರುತ್ತದೆ ಅಂತ ಕೇಳಿ. ಕೆಲವರು ಪೂರ್ತಿ ಬರೆದು ಎಣಿಸುತ್ತಾರೆ. ಒಬ್ಬಳು 19 ಅಂದು, ಸ್ವಲ್ಪ ಹೊತ್ತಿಗೆ ತಾನೇ ‘77ರಲ್ಲಿ ಎರಡು ಇದೆ ಮಿಸ್, 20’ ಅನ್ನುತ್ತಾಳೆ. ಇನ್ನೊಬ್ಬ ಬಿಡಿ ಸ್ಥಾನಕ್ಕೆ ಹತ್ತು, ಹತ್ತರ ಸ್ಥಾನಕ್ಕೆ ಹತ್ತು ಅಂತ ಪೆನ್ನನ್ನೇ ಎತ್ತದೆ ಹೇಳಿಬಿಡುತ್ತಾನೆ. ಮೂವರ ಉತ್ತರವೂ ಸರಿ, ಪರೀಕ್ಷೆಯಲ್ಲಾದರೆ ಮೂವರಿಗೂ ಒಂದೇ ಅಂಕ. ಆದರೆ ಮುಂದೆ ಯಾರಿಗೆ ಏನು ಕೊಡಬೇಕು ಅನ್ನುವುದು ಬೇರೆಬೇರೆ, ಅಲ್ವಾ? ಮೂರನೆಯವನಿಗೆ ಅಲ್ಲೇ 1000ದವರೆಗೆ ಎಷ್ಟು ಅಂತ ಕೇಳಿ, 300 ಅಂತ ಹೇಗೆ ತಲುಪಿದ ಅನ್ನುವುದನ್ನು ಅವನ ಮಾತಲ್ಲೇ ಒಂದು ಸಾಲು ಬರೆದುಕೊಳ್ಳಿ. ಇಂಥ ನಾಲ್ಕು ಸಾಲು ಇದ್ದರೆ ಹತ್ತು ದಿನ ರಜೆ ಬಂದರೂ ತರಗತಿಯನ್ನು ಎಲ್ಲಿಂದ ಮತ್ತೆ ಶುರು ಮಾಡಬೇಕು ಅಂತ ತಲೆ ಕೆರೆದುಕೊಳ್ಳಬೇಕಿಲ್ಲ.

ಇಂಥ ಪ್ರಶ್ನೆಗಳನ್ನು ರಟ್ಟಿನ ಚೀಟಿಗಳ ಮೇಲೆ ಬರೆದು ಒಂದು ಡಬ್ಬಿಯಲ್ಲಿ ತರಗತಿಯಲ್ಲೇ ಇಡಿ. ಚೀಟಿ ನಂಬರ್ ಬೇಕು, ದಿನ ವಾರ ಬೇಡ. ನೀವು ತರಬೇತಿಗೆ ಹೋದ ದಿನ ಅತಿಥಿ ಶಿಕ್ಷಕರು ಡಬ್ಬಿ ತೆಗೆದರೆ ಸಾಕು, ಕೆಲಸ ನಡೆಯುತ್ತದೆ. ಲೆಕ್ಕ ಬೇಗ ಮುಗಿಸಿ ಪಕ್ಕದವರನ್ನು ಮಾತಿಗೆಳೆಯುವ ಹುಡುಗನ ಕೈಗೂ ಆ ಡಬ್ಬಿ ಸಿಗಲಿ. ‘ತಂಟೆಕೋರ’ ಅಂತ ಸ್ಟಾಫ್ ರೂಮಿನಲ್ಲಿ ಹೆಸರಾದ ಮಕ್ಕಳಲ್ಲಿ ಸುಮ್ನೆ ಬೇಜಾರಾಗಿ ಕೂತ ಬುದ್ಧಿವಂತರು ಖಂಡಿತ ಇರುತ್ತಾರೆ, ಮೊದಲ ರ‍್ಯಾಂಕಿನವರನ್ನು ಮಾತ್ರ ಗುಂಪಿಗೆ ಸೇರಿಸಿಕೊಂಡರೆ ಅವರು ಕೈತಪ್ಪಿ ಹೋಗುತ್ತಾರೆ.

ಈಗ ಎಡಗಡೆಯ ಪುಟ. ಎನ್‌ಎಂಎಂಎಸ್‌ನಲ್ಲಿ ಮಗು ಸೋಲುವುದು ಪರೀಕ್ಷಾ ಕೊಠಡಿಯಲ್ಲೇ ಅಂದುಕೊಳ್ಳಬೇಡಿ, ಎಷ್ಟೋ ಸಲ ಕಾಗದದಲ್ಲೇ ಸೋತಿರುತ್ತದೆ. ಪೋಷಕರ ಆದಾಯ ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರಬಾರದು, ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು. ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು ಇದ್ದರೆ ಆಯ್ಕೆಯಾದ ಮೇಲೂ ದುಡ್ಡು ಬರುವುದಿಲ್ಲ. ಇವತ್ತೇ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಅರ್ಜಿ ಕರೆದ ಮೇಲೆ ಪೋಷಕರನ್ನು ನಾಡಕಚೇರಿಗೆ ಓಡಿಸಿದರೆ ಒಂದು ದಿನದ ಕೂಲಿ ಅವರ ಕೈಬಿಡುತ್ತದೆ, ಅದನ್ನೂ ಯೋಚನೆ ಮಾಡಿ.

ಇನ್ನೊಂದು, ಕಳೆದ ವರ್ಷ ಪಾಸಾಗಿ ಈಗ ಒಂಬತ್ತರಲ್ಲಿ ಇರುವ ಮಕ್ಕಳು. ವಿದ್ಯಾರ್ಥಿವೇತನ ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ. ಆದರೆ ತಾನಾಗಿ ಬರುವುದಿಲ್ಲ, ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣ ಮಾಡಬೇಕು. ಊರಿಗೆಲ್ಲ ಸಿಹಿ ಹಂಚಿ, ಮರುವರ್ಷ ನವೀಕರಣ ಮರೆತು ಹಣ ನಿಂತರೆ ಎಷ್ಟು ಸಂಕಟ ಹೇಳಿ. ಎಡಪುಟದ ತಲೆಯ ಮೇಲೇ ಕೆಂಪು ಶಾಯಿಯಲ್ಲಿ ‘ನವೀಕರಣ ಆಯಿತೇ?’ ಅಂತ ಬರೆದಿಡಿ.

ಪಾಠದ ವಿಷಯಕ್ಕೆ ಬಂದರೆ, ಎಲ್ಲವನ್ನೂ ಒಬ್ಬರೇ ಹೊರಬೇಡಿ. ಪರೀಕ್ಷೆಯಲ್ಲಿ ಎರಡು ಪತ್ರಿಕೆ, ತಲಾ 90 ಪ್ರಶ್ನೆ, 90 ನಿಮಿಷ. ಒಂದು ಮಾನಸಿಕ ಸಾಮರ್ಥ್ಯ, ಅದನ್ನು ನೀವು ನೋಡಿಕೊಳ್ಳಬಹುದು. ಇನ್ನೊಂದು ಪಠ್ಯದ ಮೇಲೆ, ನಮ್ಮ ರಾಜ್ಯದಲ್ಲಿ ವಿಜ್ಞಾನ 35, ಸಮಾಜ 35, ಗಣಿತ ಬರೀ 20. ಸಮಾಜ ವಿಜ್ಞಾನದ ಶಿಕ್ಷಕರನ್ನು ಬಿಟ್ಟು ನೀವು ಸಂಜೆ ಆರರವರೆಗೆ ಲೆಕ್ಕ ಮಾಡಿಸಿದರೂ ಆ 35 ನಿಮ್ಮಿಂದ ಆಗದು. ಮುಖ್ಯ ಶಿಕ್ಷಕರ ಎದುರೇ ಮಾತಾಡಿ ವಾರಕ್ಕೊಂದು ಅವಧಿ ಹಂಚಿಕೊಳ್ಳಿ. ಮಳೆ ರಜೆ ಸರಿದೂಗಿಸಲು ಶನಿವಾರ ಮಧ್ಯಾಹ್ನವೂ ಶಾಲೆ ನಡೆಸುತ್ತೀರಲ್ಲ, ಆ ಹೊತ್ತಿನಲ್ಲಿ ಒಂದು ಅವಧಿಯನ್ನು ಈಗಲೇ ಕೇಳಿಟ್ಟುಕೊಳ್ಳಿ, ಆಮೇಲೆ ಯಾರೂ ಕೊಡುವುದಿಲ್ಲ.

ಪ್ರತಿಭಾ ಕಾರಂಜಿ, ಕ್ರೀಡಾಕೂಟಕ್ಕೆ ಇದೇ ಮಕ್ಕಳು ಹೋಗುತ್ತಾರೆ, ಹೋಗಲಿ ಬಿಡಿ. ಅದನ್ನು ತಡೆಯುವುದು ಅನ್ಯಾಯ.

ವರ್ಗಾವಣೆ ಬಗ್ಗೆ ಕೇಳಿದಿರಿ. ನಿಮ್ಮ ಫೋನಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರುವುದು ನಿಮ್ಮ ಜೊತೆಗೇ ಹೋಗುತ್ತದೆ. ನೋಟ್‌ಬುಕ್ ಮತ್ತು ಡಬ್ಬಿ ಶಾಲೆಯ ಬೀರುವಿನಲ್ಲಿ ಇರಲಿ, ಬೇರೆಯವರು ಓದುವ ಹಾಗೆ ಬರೆಯಿರಿ. ಮುಂದೆ ಬರುವವರಿಗೆ ‘77ರಲ್ಲಿ ಎರಡು ಇದೆ’ ಅಂದ ಹುಡುಗಿ ಯಾರು ಅಂತ ಮೊದಲ ದಿನವೇ ಗೊತ್ತಾಗಬೇಕು.

ಈ ವಾರಕ್ಕೆ ಮಾತ್ರ ಒಂದು ಕೆಲಸ. ಇನ್‌ಸ್ಪೈರ್‌ಗೆ ಒಂದು ಶಾಲೆಯಿಂದ ಐದು ಐಡಿಯಾ ಕಳಿಸಬಹುದು, ಆಯ್ಕೆಯಾದರೆ ಮಾದರಿ ಮಾಡಲು ಮಗುವಿಗೆ 10,000 ರೂಪಾಯಿ ಸಿಗುತ್ತದೆ. ಇಂಟರ್‌ನೆಟ್‌ನಿಂದ ಮಾದರಿ ಹುಡುಕಬೇಡಿ. ‘ನಿಮ್ಮ ಮನೆಯಲ್ಲಿ, ತೋಟದಲ್ಲಿ ಅಮ್ಮನಿಗೆ ತುಂಬ ಕಷ್ಟದ ಕೆಲಸ ಯಾವುದು?’ ಅಂತ ಕೇಳಿ ಎರಡೆರಡು ಸಾಲು ಬರೆಸಿ. ಅಡಿಕೆ ಸುಲಿಯುವ ಕಾಲದಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವ ಮನೆಯ ಮಕ್ಕಳು ಅವರು, ಬರೆಯಲು ಬೇಕಾದಷ್ಟು ಇರುತ್ತದೆ. ಅದರಲ್ಲಿ ಐದು ಆರಿಸಿ, ಪೋರ್ಟಲ್ ಮುಚ್ಚುವ ಮೊದಲು ಹಾಕಿಬಿಡಿ.